ಮುಳ್ಳಯ್ಯನಗಿರಿಯಿಂದ ಮಚು ಪಿಚುವಿಗೆ: ಇಂಕಾ ದಾರಿಯ ನಾಲ್ಕು ದಿನಗಳಿಗೆ ಸಿದ್ಧತೆ

ಪೆರು ದೇಶದ ಇಂಕಾ ದಾರಿಯಲ್ಲಿ ನಾಲ್ಕು ದಿನ ನಡೆದು ಇಂಕಾ ಜನರ ಹಳೆಯ ಕಲ್ಲಿನ ಊರಾದ ಮಚು ಪಿಚು ತಲುಪಬೇಕೆಂದು ಆಸೆಪಡುವ ನಮ್ಮ ಚಿಕ್ಕಮಗಳೂರು, ಹಾಸನದ ಕಡೆಯವರು ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಎಂದು. ಒಟ್ಟು ಸುಮಾರು 42 ಎಂದ ಕೂಡಲೇ ಅವರ ಮುಖ ಅರಳುತ್ತದೆ. ತೋಟದ ಇಳಿಜಾರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹತ್ತಿ ಇಳಿಯುವವರಿಗೆ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಯಾವ ಲೆಕ್ಕ? ಆದರೆ ಕೇಳಬೇಕಾದದ್ದು ಎತ್ತರವನ್ನು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್. ಇಂಕಾ ದಾರಿಯ ಅತ್ಯಂತ ತಗ್ಗಿನ ಜಾಗವೆಂದರೆ ಕೊನೆಯಲ್ಲಿ ಸಿಗುವ ಮಚು ಪಿಚು, ಅದೇ 2,430 ಮೀಟರ್ ಇದೆ. ಎರಡನೆಯ ದಿನ ದಾಟಬೇಕಾದ, ಶಿಖರಗಳ ನಡುವಿನ ಕಣಿವೆಬಾಯಿ 4,215 ಮೀಟರ್, ಅಂದರೆ ಒಂದರ ಮೇಲೊಂದು ಎರಡು ಮುಳ್ಳಯ್ಯನಗಿರಿಗಳನ್ನಿಟ್ಟರೂ ಇನ್ನಷ್ಟು ಹತ್ತುವುದು ಬಾಕಿ. ನಮ್ಮ ಗಿರಿಯ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 80ರಷ್ಟಿದ್ದರೆ ಅಲ್ಲಿ 60ರ ಆಸುಪಾಸಿಗೆ ಇಳಿದಿರುತ್ತದೆ. ಆದ್ದರಿಂದ ನಮ್ಮ ಬೆಟ್ಟಗಳು ಮೊಣಕಾಲನ್ನು ಪಳಗಿಸುತ್ತವೆಯೇ ಹೊರತು ಶ್ವಾಸಕೋಶವನ್ನು ಆ ಎತ್ತರಕ್ಕೆ ಒಗ್ಗಿಸಲಾರವು. ಅದಕ್ಕೆ ಬೇಕಾದುದು ಪೆರುವಿನ ಆಂಡಿಸ್ ಪರ್ವತಗಳಲ್ಲೇ ಕಳೆಯುವ ಮೂರು ನಾಲ್ಕು ದಿನಗಳು. ಪ್ರವಾಸದ ಖರ್ಚು ಎಲ್ಲಿ ಬೇಕಾದರೂ ಕಡಿಮೆ ಮಾಡಿ, ಆ ದಿನಗಳನ್ನು ಮಾತ್ರ ಕಡಿಮೆ ಮಾಡಬೇಡಿ.

ಈ ದಾರಿಯಲ್ಲಿ ತಮ್ಮಷ್ಟಕ್ಕೆ ತಾವು ಚೀಲ ಹೊತ್ತು ಹೊರಡಲು ಅವಕಾಶವಿಲ್ಲ. ಪರವಾನಗಿ ಪಡೆದ ಸಂಸ್ಥೆಯೊಂದರ ಮೂಲಕ, ಮಾರ್ಗದರ್ಶಿಯ ಜೊತೆಯಲ್ಲಿಯೇ ಹೋಗಬೇಕು. ದಿನಕ್ಕೆ ಒಟ್ಟು 500 ಮಂದಿಗೆ ಮಾತ್ರ ಪ್ರವೇಶವಿದ್ದು, ಅದರಲ್ಲಿ ಮಾರ್ಗದರ್ಶಿಗಳು, ಅಡುಗೆಯವರು ಮತ್ತು ಹೊರೆ ಹೊರುವ ಪೋರ್ಟರುಗಳೂ ಸೇರಿರುವುದರಿಂದ ಪ್ರವಾಸಿಗರಿಗೆ ಉಳಿಯುವುದು ಸುಮಾರು 200 ಜಾಗಗಳು. ಫೆಬ್ರುವರಿ ತಿಂಗಳಿಡೀ ದುರಸ್ತಿಗಾಗಿ ದಾರಿ ಮುಚ್ಚಿರುತ್ತದೆ. ಅಲ್ಲಿ ಒಣಹವೆಯ ಕಾಲ ಮೇ ತಿಂಗಳಿಂದ ಸೆಪ್ಟೆಂಬರ್ ತನಕ. ಆ ತಿಂಗಳುಗಳಿಗೆ ಆರೇಳು ತಿಂಗಳ ಮೊದಲೇ ಜಾಗ ಕಾಯ್ದಿರಿಸಬೇಕಾಗುತ್ತದೆ. ನಮ್ಮಲ್ಲಿ ಜಡಿಮಳೆ ಹೊಡೆಯುವಾಗ ಅಲ್ಲಿ ಆಕಾಶ ಶುಭ್ರವಾಗಿರುವುದು ಕಾಫಿ ಬೆಳೆಗಾರರಿಗೆ ಅನುಕೂಲವೇ. ಅನನುಕೂಲವೆಂದರೆ, ಮುಂಗಡ ಕಟ್ಟಬೇಕಾದ ನವೆಂಬರ್, ಡಿಸೆಂಬರ್‌ನಲ್ಲಿ ಹಣ್ಣು ಇನ್ನೂ ಗಿಡದಲ್ಲಿರುತ್ತದೆ, ಕೈಯಲ್ಲಿರುವ ಕಾಸೆಲ್ಲ ಕೊಯ್ಲಿನ ಕೂಲಿಗೆ ಹೋಗುತ್ತಿರುತ್ತದೆ. ಆ ಹಣವನ್ನು ಹಿಂದಿನ ವರ್ಷದ ಮಾರಾಟದಲ್ಲಿಯೇ ಎತ್ತಿಡುವುದು ಒಳ್ಳೆಯದು.

ಪರವಾನಗಿ ಪಾಸ್‌ಪೋರ್ಟ್‌ ಸಂಖ್ಯೆಗೆ ಅಂಟಿಕೊಂಡಿರುತ್ತದೆ ಮತ್ತು ಇನ್ನೊಬ್ಬರಿಗೆ ವರ್ಗಾವಣೆಯಾಗುವುದಿಲ್ಲ. ದಾರಿಯ ಆರಂಭದಲ್ಲಿಯೇ ತಪಾಸಣಾ ಕಟ್ಟೆಯಿದ್ದು, ಹೆಸರು ಮತ್ತು ಸಂಖ್ಯೆಯನ್ನು ಹೋಲಿಸಿ ನೋಡಿದ ಮೇಲಷ್ಟೇ ಒಳಗೆ ಬಿಡುತ್ತಾರೆ. ನಮ್ಮವರಿಗೆ ಇಲ್ಲೊಂದು ಪೀಕಲಾಟವಿದೆ: ಊರಿನ ಹೆಸರು, ತಂದೆಯ ಹೆಸರುಗಳು ಮೊದಲಕ್ಷರಗಳಾಗಿ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುತ್ತವೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುತ್ತಾರೆ. ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆಯೇ, ಅಕ್ಷರ ಬಿಡದೆ ಬರೆಯಿರಿ. ಕಾಯ್ದಿರಿಸಿದ ಮೇಲೆ ಪಾಸ್‌ಪೋರ್ಟ್‌ ನವೀಕರಿಸಿದರೆ ಕೂಡಲೇ ಸಂಸ್ಥೆಗೆ ತಿಳಿಸಿ, ಹಳೆಯದನ್ನೂ ಜೊತೆಗೆ ಒಯ್ಯಿರಿ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ ವೀಸಾ ಇನ್ನೂ ಆರು ತಿಂಗಳಾದರೂ ಚಾಲ್ತಿಯಲ್ಲಿರುವ ಭಾರತೀಯರಿಗೆ ಪೆರು ಪ್ರವಾಸಕ್ಕೆ ಪ್ರತ್ಯೇಕ ವೀಸಾ ಕೇಳುವುದಿಲ್ಲ. ಉಳಿದವರು ದೆಹಲಿಯ ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು. ಪ್ರವಾಸ ವಿಮೆ ಮಾಡಿಸುವಾಗ ಎಷ್ಟು ಎತ್ತರದವರೆಗೆ ಅದು ಅನ್ವಯಿಸುತ್ತದೆ ಎಂಬ ಸಣ್ಣ ಅಕ್ಷರದ ಸಾಲನ್ನು ಓದಿ ನೋಡಿ, ಏಕೆಂದರೆ 4,000 ಮೀಟರಿಗೇ ಕೈಬಿಡುವ ವಿಮೆಯಿಂದ ಇಲ್ಲಿ ಪ್ರಯೋಜನವಿಲ್ಲ.

ಇದೆಲ್ಲಕ್ಕಿಂತ ಜನ ಹೆಚ್ಚಾಗಿ ಮರೆಯುವುದು ಹಳದಿ ಜ್ವರದ ಲಸಿಕೆಯನ್ನು. ಪೆರು ದೇಶದಿಂದ ಬರುವವರಲ್ಲಿ ಈ ಲಸಿಕೆಯ ಪ್ರಮಾಣಪತ್ರ ಇರಬೇಕೆಂದು ಕೇಳುವುದು ಪೆರು ಅಲ್ಲ, ಭಾರತ. ಅದಿಲ್ಲದೆ ಬೆಂಗಳೂರಿಗೆ ಬಂದಿಳಿದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಮತ್ತು ಅದನ್ನು ಕೊಡುವುದು ಅಧಿಕೃತ ಕೇಂದ್ರಗಳು ಮಾತ್ರ. ಆದಕಾರಣ ಟಿಕೆಟ್‌ ಕೈಗೆ ಬಂದ ವಾರದಲ್ಲೇ ಬೆಂಗಳೂರಿನ ಕೆಲಸಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ. ಅರವತ್ತು ದಾಟಿದವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು.

ಅಭ್ಯಾಸವನ್ನು ಡಿಸೆಂಬರ್‌ನಲ್ಲಿ ಶುರುಮಾಡಿ ಮೇ ತಿಂಗಳೊಳಗೆ ಮುಗಿಸಬೇಕು. ಮಳೆ ಹಿಡಿದ ಮೇಲೆ ಜಾರುವ ಬಂಡೆ, ಇಂಬಳ, ಮಂಜುಗಳ ನಡುವೆ ಅಭ್ಯಾಸವೆಂಬುದು ಬರೀ ಸಾಹಸವಾಗುತ್ತದೆ. ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿ, ಏಣಿನ ಮೇಲಿನ ಹಾದಿಯಲ್ಲಿ ಬಾಬಾಬುಡನ್‌ಗಿರಿಯ ಕಡೆಗೆ ಇಡೀ ದಿನ ನಡೆಯುವುದು ಇಂಕಾ ದಾರಿಯ ಒಂದು ದಿನಕ್ಕೆ ಹತ್ತಿರದ ಅನುಭವ. ಹಾಸನದವರಿಗೆ ಸಕಲೇಶಪುರದ ಆಚೆಯ ಬೆಟ್ಟಗಳಿವೆ. ಅದಕ್ಕಿಂತ ಮುಖ್ಯವಾಗಿ ಶ್ರವಣಬೆಳಗೊಳದ ವಿಂಧ್ಯಗಿರಿಯಿದೆ. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ವಾರಕ್ಕೆರಡು ಬೆಳಗ್ಗೆ ಹತ್ತಿ ಇಳಿದರೆ ಮೂರನೆಯ ದಿನದ ಇಳಿತಕ್ಕೆ ಅದಕ್ಕಿಂತ ಒಳ್ಳೆಯ ತಯಾರಿ ನಮ್ಮ ಸೀಮೆಯಲ್ಲಿ ಇಲ್ಲ. ಅಲ್ಲಿ ಪಾದರಕ್ಷೆ ಬಿಟ್ಟು ಹತ್ತಬೇಕಾದ್ದರಿಂದ ಬೂಟಿನ ಪರೀಕ್ಷೆ ಮಾತ್ರ ಬೇರೆಡೆ ಆಗಬೇಕು. ಇಳಿಯುವುದನ್ನು ಅಭ್ಯಾಸ ಮಾಡಿ ಎಂದು ಒತ್ತಿ ಹೇಳಲು ಕಾರಣವಿದೆ. ಹತ್ತುವಾಗ ಸುಸ್ತಾದವನು ನಿಂತು ಸುಧಾರಿಸಿಕೊಳ್ಳಬಹುದು, ಇಳಿಯುವಾಗ ಸೋತ ಮೊಣಕಾಲು ನಿಂತರೂ ನಡುಗುತ್ತಿರುತ್ತದೆ.

ಬೂಟಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಅಳತೆ ಸರಿಯಾಗಿದೆ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ, ತೆಳುವಾದ ಕಾಲುಚೀಲ ಹಾಕಿಕೊಂಡೇ ಪರೀಕ್ಷಿಸಿ ಕೊಂಡೆ. ಏರಿನಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ದಪ್ಪ ಉಣ್ಣೆಯ ಕಾಲುಚೀಲ ತೊಟ್ಟು ಉದ್ದನೆಯ ಇಳಿಜಾರಿಗಿಳಿದಾಗ ಪ್ರತಿ ಹೆಜ್ಜೆಗೂ ಹೆಬ್ಬೆರಳು ಬೂಟಿನ ಮೂತಿಗೆ ಬಡಿಯಿತು; ಸಂಜೆ ಬಿಚ್ಚಿ ನೋಡಿದರೆ ಎರಡೂ ಉಗುರುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು, ತಿಂಗಳೊಳಗೆ ಉದುರಿದವು. ಬೂಟನ್ನು ಸಂಜೆಯ ಹೊತ್ತು, ಪಾದ ಸ್ವಲ್ಪ ಊದಿರುವಾಗ, ದಪ್ಪ ಕಾಲುಚೀಲದೊಂದಿಗೆ ಕೊಳ್ಳಬೇಕು. ಕಾಲನ್ನು ಮುಂದಕ್ಕೆ ಒತ್ತಿ ನಿಂತಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರುವಷ್ಟು ಜಾಗವಿರಬೇಕು. ಹೊರಡುವ ಮುನ್ನಾದಿನ ಉಗುರು ಕತ್ತರಿಸಿಕೊಳ್ಳಿ.

ಉಳಿದ ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೋರ್ಟರ್ ಹೊರುವ ನಿಮ್ಮ ಖಾಸಗಿ ಚೀಲ ಮಲಗುವ ಚೀಲವೂ ಸೇರಿ ಸಾಮಾನ್ಯವಾಗಿ 7 ಕಿಲೋ ಮೀರುವಂತಿಲ್ಲ. ನಾನು ಕಾಫಿ ಹಣ್ಣು ತೂಗುವ ತಕ್ಕಡಿಗೆ ನೇತುಹಾಕಿ ತೂಗಿದಾಗ ಮೊದಲ ಬಾರಿ 11 ಕಿಲೋ ಬಂತು, ತೆಗೆದದ್ದರಲ್ಲಿ ಒಂದೂ ಅಲ್ಲಿ ನೆನಪಾಗಲಿಲ್ಲ. ಪೋರ್ಟರ್ ಒಬ್ಬರ ಹೊರೆ 20 ಕಿಲೋ ದಾಟಬಾರದೆಂದು 2001ರಲ್ಲಿ ಪೆರು ಕಾನೂನು ಮಾಡಿದ್ದು, ದಾರಿಯಲ್ಲಿ ತೂಕ ನೋಡುತ್ತಾರೆ. ಸಂಸ್ಥೆಯನ್ನು ಆರಿಸುವಾಗ ಬೆಲೆಯ ಜೊತೆಗೆ ಪೋರ್ಟರುಗಳಿಗೆ ಮಲಗಲು ಡೇರೆ, ಚಾಪೆ, ಊಟ ಏನು ಕೊಡುತ್ತೀರಿ ಎಂದು ನೇರವಾಗಿ ಕೇಳಿ. ಅಗ್ಗದ ಬೆಲೆಯ ವ್ಯತ್ಯಾಸ ಅನೇಕ ವೇಳೆ ಅವರ ಬೆನ್ನಿನ ಮೇಲೆಯೇ ಬಿದ್ದಿರುತ್ತದೆ. ಊರುಗೋಲಿನ ತುದಿಗೆ ರಬ್ಬರ್ ಬಿರಡೆ ಕಡ್ಡಾಯ, ಏಕೆಂದರೆ ಲೋಹದ ಮೊನೆ ಹಳೆಯ ಕಲ್ಲುಹಾಸನ್ನು ಕೆರೆದುಹಾಕುತ್ತದೆ. ಜೂನ್, ಜುಲೈ ರಾತ್ರಿಗಳಲ್ಲಿ ಮೇಲಿನ ಬಿಡಾರಗಳಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿರುವುದರಿಂದ ಒಳ್ಳೆಯ ಸ್ವೆಟರ್, ಟೊಪ್ಪಿ ಬೇಕೇ ಬೇಕು.

ಪೆರುವಿನ ರಾಜಧಾನಿ ಲಿಮಾ ಸಮುದ್ರಮಟ್ಟದಲ್ಲಿದೆ, ಈ ನಡಿಗೆಗೆ ಹೊರಡುವ ಕುಸ್ಕೋ ನಗರ 3,400 ಮೀಟರಿನಲ್ಲಿದೆ, ನಡುವಿನ ವಿಮಾನಯಾನ ಒಂದೂವರೆ ಗಂಟೆಯೂ ಇಲ್ಲ. ದೇಹಕ್ಕೆ ಇದೊಂದು ಏಟು. ಕುಸ್ಕೋದಲ್ಲಿ ಇಳಿದ ದಿನವೇ ಅಲ್ಲಿ ಉಳಿಯದೆ, ನೇರವಾಗಿ ಉರುಬಾಂಬಾ ನದಿಯ ಕಣಿವೆಗೆ, ಸುಮಾರು 2,800 ಮೀಟರಿನ ಓಯಾಂಟೈಟಾಂಬೊ ಊರಿಗೆ ಇಳಿದು ಎರಡು ರಾತ್ರಿ ಮಲಗುವುದು ಜಾಣತನ. ಆಮೇಲೆ ಕುಸ್ಕೋಗೆ ಹತ್ತಿ ಇನ್ನೊಂದೆರಡು ದಿನ ಕಳೆಯಬಹುದು. ಮೊದಲ ದಿನ ತಲೆನೋವು, ಹಸಿವಿಲ್ಲದಿರುವುದು, ನಿದ್ದೆ ಕೆಡುವುದು ಸಾಮಾನ್ಯ. ತಲೆನೋವಿನ ಜೊತೆ ವಾಂತಿ ನಿಲ್ಲದಿದ್ದರೆ, ಕುಳಿತಲ್ಲಿಯೇ ಏದುಸಿರು ಬಂದರೆ, ನಡೆಯುವಾಗ ಹೆಜ್ಜೆ ತಪ್ಪಿದರೆ ಅದು ಅಪಾಯದ ಗುರುತು, ತಡಮಾಡದೆ ಕೆಳಗಿಳಿಯುವುದೇ ಅದಕ್ಕೆ ಚಿಕಿತ್ಸೆ. ಅಸಿಟಜೋಲಮೈಡ್ ಮಾತ್ರೆ ಒಗ್ಗುವಿಕೆಗೆ ನೆರವಾಗುತ್ತದೆ, ಆದರೆ ಅದು ಸಲ್ಫಾ ಗುಂಪಿನದು, ಸಲ್ಫಾ ಔಷಧಿ ಒಗ್ಗದವರು ಇದ್ದಾರಾದ್ದರಿಂದ ಊರಿನಲ್ಲೇ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಅಲ್ಲಿ ಎಲ್ಲೆಡೆ ಕೋಕಾ ಎಲೆಯ ಚಹಾ ಕೊಡುತ್ತಾರೆ, ಅಲ್ಲಿ ಅದು ಕಾನೂನುಬದ್ಧ. ಎಲೆಯನ್ನು ಚೀಲದಲ್ಲಿಟ್ಟು ಭಾರತಕ್ಕೆ ತಂದರೆ ಮಾದಕವಸ್ತು ಕಾಯಿದೆಯಡಿ ಅಪರಾಧ.

ನಡಿಗೆ ಆರಂಭವಾಗುವ ಜಾಗಕ್ಕೆ ರೈಲುಹಳಿಯ ಲೆಕ್ಕದಲ್ಲಿ 82ನೆಯ ಕಿಲೋಮೀಟರ್ ಎಂದೇ ಹೆಸರು. ಮೊದಲ ದಿನ ನದಿಯ ಪಕ್ಕದ ಸಾಧಾರಣ ಏರಿಳಿತ, ಉತ್ಸಾಹದಲ್ಲಿ ಓಡಬೇಡಿ. ಎರಡನೆಯ ದಿನ 3,000 ಮೀಟರಿನ ವಾಯ್ಲಾಬಾಂಬಾದಿಂದ 1,200 ಮೀಟರ್ ಮೇಲಕ್ಕೆ, ಕೆಚುವಾ ಭಾಷೆಯಲ್ಲಿ ವಾರ್ಮಿವಾನ್ಯುಸ್ಕಾ, ಅಂದರೆ ‘ಸತ್ತ ಹೆಂಗಸು’ ಎಂಬ ಹೆಸರಿನ ಕಣಿವೆಬಾಯಿಗೆ. ಮಲಗಿದ ಹೆಂಗಸಿನ ಆಕಾರ ಬೆಟ್ಟದ ಸಾಲಿನಲ್ಲಿ ಕಾಣುವುದರಿಂದ ಆ ಹೆಸರು. ಇಲ್ಲಿ ನಡೆಯುವ ಕ್ರಮವೊಂದಿದೆ: ಮೂಗಿನಲ್ಲಿ ಉಸಿರಾಡುತ್ತಾ ಮಾತನಾಡಲು ಸಾಧ್ಯವಾಗುವಷ್ಟೇ ವೇಗ, ಒಂದು ಉಸಿರಿಗೆ ಒಂದು ಹೆಜ್ಜೆ, ಐವತ್ತು ಹೆಜ್ಜೆಗೊಮ್ಮೆ ನಿಂತಲ್ಲೇ ನಾಲ್ಕು ಉಸಿರು. ಕುಳಿತರೆ ಏಳಲು ಮನಸ್ಸಾಗುವುದಿಲ್ಲ. ಹೊರೆ ಹೊತ್ತ ಪೋರ್ಟರುಗಳು ಹಿಂದಿನಿಂದ ಬಂದರೆ ಬೆಟ್ಟದ ಬದಿಗೆ ಸರಿದು ದಾರಿ ಬಿಡಿ, ಪ್ರಪಾತದ ಬದಿಗಲ್ಲ. ತುದಿಯಲ್ಲಿ ಮಾರ್ಗದರ್ಶಿ ಮೂರು ಕೋಕಾ ಎಲೆಗಳನ್ನು ಬೆರಳ ನಡುವೆ ಹಿಡಿದು ಬೆಟ್ಟದೈವಕ್ಕೆ, ಅವರ ‘ಆಪು’ವಿಗೆ, ಅರ್ಪಿಸಿದರೆ ಮುಳ್ಳಪ್ಪಸ್ವಾಮಿಗೆ ಕೈಮುಗಿದು ಬೆಳೆದ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ಅಲ್ಲಿಂದ 600 ಮೀಟರ್ ಇಳಿದು ಪಕಾಯ್‌ಮಾಯೊದಲ್ಲಿ ಬಿಡಾರ.

ಮೂರನೆಯ ದಿನವೇ ಉದ್ದದ ದಿನ, ನನ್ನ ಪಾಲಿಗೆ ಸೊಗಸಿನ ದಿನವೂ ಹೌದು. ರುಂಕುರಾಕಾಯ್, ಸಯಾಕ್‌ಮಾರ್ಕಾ, ‘ಮೋಡದ ಮೇಲಿನ ಊರು’ ಎಂಬರ್ಥದ ಫುಯುಪತಮಾರ್ಕಾ ಅವಶೇಷಗಳು ಒಂದಾದಮೇಲೊಂದು ಸಿಗುತ್ತವೆ, ಬಂಡೆ ಕೊರೆದ ಸುರಂಗವೊಂದನ್ನೂ ದಾಟುತ್ತೇವೆ. ಆಮೇಲೆ ಸುಮಾರು 1,000 ಮೀಟರ್ ಕೆಳಕ್ಕೆ ಕಲ್ಲಿನ ಮೆಟ್ಟಿಲುಗಳು, ಕೆಲವು ಮೊಣಕಾಲೆತ್ತರದವು. ಅಡ್ಡಡ್ಡಲಾಗಿ, ಕೋಲು ಮೊದಲು ಊರಿ ಇಳಿಯಿರಿ. ಹಳೇಬೀಡು, ಬೇಲೂರು ನೋಡಿದ ಕಣ್ಣಿಗೆ ಇಲ್ಲಿ ಮೊದಲು ನಿರಾಸೆಯಾಗಬಹುದು, ಏಕೆಂದರೆ ಶಿಲ್ಪವೇ ಇಲ್ಲ. ಬಳಪದ ಕಲ್ಲು ಮೆದುವಾದ್ದರಿಂದ ಹೊಯ್ಸಳರ ಶಿಲ್ಪಿಗಳಿಗೆ 1117ರಷ್ಟು ಹಿಂದೆಯೇ ಮದನಿಕೆಯ ಬಳೆಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾಯಿತು. ಸುಮಾರು ಮುನ್ನೂರು ವರ್ಷಗಳ ನಂತರ ಇಂಕಾಗಳು ಕಬ್ಬಿಣದ ಉಪಕರಣಗಳಿಲ್ಲದೆ, ಗಟ್ಟಿ ಗ್ರಾನೈಟನ್ನು ಕಲ್ಲಿನಿಂದಲೇ ಕುಟ್ಟಿ ಕೂರಿಸಿದರು. ಅವರ ಕೈಚಳಕ ಇರುವುದು ಸಂದುಗಳಲ್ಲಿ ಮತ್ತು ನೀರಿನ ದಾರಿಯಲ್ಲಿ. ವಿನ್ಯಾಯ್ ವಾಯ್ನಾ ಎಂಬ ಅವಶೇಷದ ಪಾವಟಿಗೆ ಹೊಲಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮಚು ಪಿಚುವಿನ ಪಾವಟಿಗೆಗಳಲ್ಲಿ ತಳಕ್ಕೆ ಕಲ್ಲು, ಮೇಲೆ ಜಲ್ಲಿ, ಮರಳು, ಕೊನೆಗೆ ಫಲವತ್ತಾದ ಮಣ್ಣು ತುಂಬಿ ನೀರು ಬಸಿದುಹೋಗುವಂತೆ ಮಾಡಿದ್ದಾರೆ. ಪ್ರತಿ ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಬಸಿಗಾಲುವೆ ತೆಗೆಸುವವರಿಗೆ ಆ ಕೆಲಸದ ಬೆಲೆ ಬೇಗ ಗೊತ್ತಾಗುತ್ತದೆ.

ಊಟದ ಚಿಂತೆ ಬೇಡ. ಸಸ್ಯಾಹಾರಿಗಳೆಂದು ಮೊದಲೇ ಬರೆದು ತಿಳಿಸಿದರೆ ಅಡುಗೆಯವರು ಸೂಪು, ಕೀನೊವಾ ಎಂಬ ಅಲ್ಲಿನ ಕಾಳು, ಅನ್ನ, ಮುಸುಕಿನ ಜೋಳದ ತಿನಿಸು ಮಾಡಿಕೊಡುತ್ತಾರೆ. ಮೀನು, ಮೊಟ್ಟೆ ತಿನ್ನುವಿರೋ ಇಲ್ಲವೋ ಎಂಬುದನ್ನು ಬಿಡಿಸಿ ಹೇಳಬೇಕು. ಚಟ್ನಿಪುಡಿಯ ಸಣ್ಣ ಪೊಟ್ಟಣ ಸಾಕು. ಆಲೂಗಡ್ಡೆಯಂತೂ ಹೊತ್ತುಹೊತ್ತಿಗೂ ಬರುತ್ತದೆ, ಬರಬೇಕಾದದ್ದೇ: ಹಾಸನದ ರೈತರು ಮುಂಗಾರಿಗೆ ನೆಡುವ ಗೆಡ್ಡೆಯ ತವರು ಇದೇ ಆಂಡಿಸ್. ಹಳದಿ, ನೇರಳೆ, ಬೆರಳಿನಂತೆ ಸೊಟ್ಟಗಿರುವ ತಳಿಗಳನ್ನು ತಟ್ಟೆಯಲ್ಲಿ ನೋಡಿದಾಗ ಅರಸೀಕೆರೆ, ಹಾಸನದ ಸಂತೆಗಳಲ್ಲಿ ನಾವು ಕಂಡಿರುವುದು ಎಷ್ಟು ಸಣ್ಣ ಪಾಲು ಎಂದು ಅರಿವಾಗುತ್ತದೆ.

ಮೂರನೆಯ ಸಂಜೆಯೇ ಪೋರ್ಟರುಗಳಿಗೆ ಭಕ್ಷೀಸು ಕೊಟ್ಟುಬಿಡಿ, ಅದಕ್ಕಾಗಿ ಕುಸ್ಕೋದಲ್ಲೇ ಅಲ್ಲಿನ ಹಣವಾದ ಸೋಲ್‌ನ ಸಣ್ಣ ನೋಟುಗಳನ್ನು ಮಾಡಿಸಿಕೊಂಡಿರಿ; ಮರುದಿನ ನಸುಕಿನಲ್ಲಿ ಅವರು ರೈಲು ಹಿಡಿಯಲು ಕಣಿವೆಗೆ ಇಳಿದುಹೋಗುತ್ತಾರೆ. ನಾಲ್ಕನೆಯ ದಿನ ಕತ್ತಲಲ್ಲೇ ಎದ್ದು ತಪಾಸಣಾ ಬಾಗಿಲ ಮುಂದೆ ಸಾಲಿನಲ್ಲಿ ಕೂರಬೇಕು. ಅದು ತೆರೆಯುವುದು ಬೆಳಗ್ಗೆ ಐದೂವರೆಯ ಹೊತ್ತಿಗೆ. ಮೊದಲಿಗರಾಗಬೇಕೆಂದು ನುಗ್ಗುವವರನ್ನು ಮುಂದೆ ಬಿಡಿ, ದಾರಿ ಕಿರಿದು, ಒಂದು ಬದಿ ಕಂದಕ. ಕೊನೆಗೆ ಕೈಯೂರಿ ಹತ್ತಬೇಕಾದ ಐವತ್ತರಷ್ಟು ಕಡಿದಾದ ಮೆಟ್ಟಿಲುಗಳಿವೆ, ಅವುಗಳಾಚೆ ಇಂಟಿಪುಂಕು, ಅಂದರೆ ಸೂರ್ಯದ್ವಾರ. ಅಲ್ಲಿಂದ ಕೆಳಗೆ ಮಚು ಪಿಚು ಕಾಣುತ್ತದೆ, ಮಂಜಿಲ್ಲದಿದ್ದರೆ. ಮಂಜಿದ್ದರೆ ಅರ್ಧ ಗಂಟೆ ಕಾಯಿರಿ; ಮುಳ್ಳಯ್ಯನಗಿರಿಯಲ್ಲಿ ಕಾದು ಅಭ್ಯಾಸವಿದ್ದವರಿಗೆ ಮಂಜು ಸರಿಯುವ ಲಕ್ಷಣ ತಿಳಿದಿರುತ್ತದೆ. 1911ರಲ್ಲಿ ಅಮೆರಿಕದ ಅನ್ವೇಷಕ ಹಿರಾಮ್ ಬಿಂಗಮ್ ಇಲ್ಲಿಗೆ ಬಂದಾಗಲೂ ಸ್ಥಳೀಯ ರೈತನೊಬ್ಬನೇ ದಾರಿ ತೋರಿಸಿದ್ದ, ಪಾವಟಿಗೆಗಳಲ್ಲಿ ಆಗಲೂ ಬೇಸಾಯ ನಡೆಯುತ್ತಿತ್ತು. ಊರೊಳಗಿನ ಸುತ್ತಾಟಕ್ಕೆ ಎರಡು ಮೂರು ಗಂಟೆ ಇಟ್ಟುಕೊಂಡು, ಬಸ್ಸಿನಲ್ಲಿ ಕೆಳಗಿನ ಊರಾದ ಅಗುವಾಸ್ ಕಾಲಿಯೆಂಟೆಸ್‌ಗೆ ಇಳಿದು, ಓಯಾಂಟೈಟಾಂಬೊಗೆ ಸಂಜೆಯ ರೈಲು ಹಿಡಿಯಬಹುದು. ವಾಪಸು ವಿಮಾನ ಹತ್ತುವ ಮುನ್ನ ಜೇಬುಗಳನ್ನು, ಚೀಲದ ಸಣ್ಣ ಖಾನೆಗಳನ್ನು ಕೊಡವಿ ಕೋಕಾ ಎಲೆ ಉಳಿದಿಲ್ಲವೆಂದು ನೋಡಿಕೊಳ್ಳಿ, ಲಸಿಕೆಯ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನೊಳಗೇ ಇಟ್ಟುಕೊಳ್ಳಿ.