ಹಳೇ ಸರ್ಕಾರಿ ಕಟ್ಟಡ ಯಾವ ಕಾಲಕ್ಕೆ ಏನಾಗಿತ್ತು? ಪತ್ತೆ ಮಾಡುವ ಬಗೆ

ಬೆಂಗಳೂರಿನಲ್ಲಿ ಹೈಕೋರ್ಟ್ ಇರುವ ಕೆಂಪು ಕಟ್ಟಡವನ್ನು ಜನ ಈಗಲೂ ಅಠಾರಾ ಕಚೇರಿ ಅನ್ನುತ್ತಾರೆ. ಅಠಾರಾ ಅಂದರೆ ಹದಿನೆಂಟು. ಒಂದು ಕಾಲಕ್ಕೆ ಅಲ್ಲಿ ಸರ್ಕಾರದ 18 ಇಲಾಖೆಗಳಿದ್ದವು. ಇಲಾಖೆಗಳು ಹೋದವು, ಹೆಸರು ಉಳಿಯಿತು. ನಿಮ್ಮೂರಿನ ಕಟ್ಟಡದ ಕೆಲಸವನ್ನೂ ಹೆಸರಿನಿಂದಲೇ ಶುರು ಮಾಡಿ. ಹಳೇ ಖಜಾನೆ, ಅಮಲ್ದಾರ್ (ಈಗಿನ ತಹಶೀಲ್ದಾರ್) ಕಚೇರಿ ಎಂದು ಎದುರಿನ ಹೋಟೆಲಿನವರು, ಸ್ಟಾಂಪ್ ವೆಂಡರುಗಳು, ನಿವೃತ್ತ ಜವಾನರು ಹೇಗೆ ಕರೆಯುತ್ತಾರೋ ಹಾಗೇ ಬರೆದುಕೊಳ್ಳಿ.

ಆಮೇಲೆ ಗೋಡೆ. ಟಾರ್ಚು, ಅಳತೆ ಟೇಪು, ನೋಟ್‌ಬುಕ್ ಸಾಕು. ಮಬ್ಬು ಬೆಳಕಿನಲ್ಲಿ ಟಾರ್ಚನ್ನು ಗೋಡೆಗೆ ತಾಗಿಸಿದಂತೆ ಅಡ್ಡಡ್ಡ ಹಿಡಿಯಿರಿ. ಎದುರಿನಿಂದ ನೋಡಿದರೆ ನುಣ್ಣಗಿರುವ ಗೋಡೆಯ ಮೇಲೆ ಕಮಾನಿನ ಗೆರೆ ನೆರಳಾಗಿ ಏಳುತ್ತದೆ: ಅದು ಮುಚ್ಚಿದ ಬಾಗಿಲು. ಅದರ ಅಗಲ ಅಳೆದು ಪಕ್ಕದ ಬಾಗಿಲುಗಳ ಜೊತೆ ಹೋಲಿಸಿ. ಬೆರಳ ಗಿಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಷ್ಟಕ್ಕೇ ನಂಬಬೇಡಿ. ತೇವ ಹಿಡಿದು ಗಾರೆ ಗೋಡೆ ಬಿಟ್ಟಿದ್ದರೂ ಅದೇ ಸದ್ದು ಬರುತ್ತದೆ. ಗೆರೆಯೂ ಇರಬೇಕು, ಅಳತೆಯೂ ಕೂಡಬೇಕು. ಗಾರೆ ಕೆರೆದು ನೋಡುವುದು ಮಾತ್ರ ಬೇಡವೇ ಬೇಡ. ಕೆರೆದದ್ದು ಮತ್ತೆ ಬರುವುದಿಲ್ಲ.

ದಪ್ಪ ಗೋಡೆ, ಎತ್ತರದಲ್ಲಿ ಸಣ್ಣ ಕಿಟಕಿ, ಕಬ್ಬಿಣದ ಬಾಗಿಲು ಮೂರೂ ಒಟ್ಟಿಗಿದ್ದರೆ ಅಲ್ಲಿ ಖಜಾನೆ ಇದ್ದಿರಬಹುದು. ಛಾವಣಿಯಲ್ಲಿ ಸಾಲು ಕೊಕ್ಕೆ, ಗೋಡೆಯಲ್ಲಿ ಹಗ್ಗ ಹಾಯುವಷ್ಟು ತೂತು ಇದ್ದರೆ ಕೈಯಲ್ಲಿ ಎಳೆಯುವ ಪಂಖಾ ಇತ್ತು; ಅಂದರೆ ಸಾಹೇಬರು ಕೂರುತ್ತಿದ್ದ ಕೋಣೆ. ಕೆಲವೊಮ್ಮೆ ನಕ್ಷೆಯೇ ಸಾಕ್ಷಿ. ಬೆಂಗಳೂರಿನಲ್ಲಿ 2008ರಲ್ಲಿ ಫ್ರೀಡಂ ಪಾರ್ಕ್ ಆದ ಜಾಗದಲ್ಲಿ ನಡುವೆ ಕಾವಲು ಗೋಪುರ ನಿಂತಿದೆ, ಬ್ಯಾರಕ್ಕುಗಳು ಅದರ ಸುತ್ತ ಚಕ್ರದ ಅರೆಕಾಲುಗಳಂತೆ ಹರಡಿದ್ದವು. ಫಲಕ ಓದದಿದ್ದರೂ ಅದು ಜೈಲು ಅಂತ ಗೊತ್ತಾಗುತ್ತದೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಕಾಗದಪತ್ರಕ್ಕೆ, ಬಹಳ ಜನ ಎಡವುವುದೂ ಅಲ್ಲೇ. ಕಟ್ಟಡದ ಹೆಸರು ಹಿಡಿದು ಹುಡುಕಿದರೆ ಕಟ್ಟಿದ ವರ್ಷ, ಕಟ್ಟಿಸಿದವರ ಹೆಸರು ಸಿಗುತ್ತದೆ, ಅಲ್ಲಿಗೆ ದಾರಿ ನಿಲ್ಲುತ್ತದೆ. ಒಳಗಿದ್ದ ಕಚೇರಿಯ ಬೆನ್ನು ಹತ್ತಿ: ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಬೆಂಗಳೂರು ಕೋಟೆ ಬಳಿಯ ಟಿಪ್ಪು ಅರಮನೆ 1781ರಲ್ಲಿ ಶುರುವಾಗಿ 1791ರಲ್ಲಿ ಮುಗಿಯಿತು. 1831ರಿಂದ ಬ್ರಿಟಿಷ್ ಆಡಳಿತದ ಕಚೇರಿಗಳು ಅದರಲ್ಲೇ ನಡೆದವು. ಅಠಾರಾ ಕಚೇರಿಯ ಕೆಲಸ 1864ರಲ್ಲಿ ಹಿಡಿದು 1868ರಲ್ಲಿ ಮುಗಿಯಿತು, ಕಚೇರಿಗಳು ಅಲ್ಲಿಗೆ ಹೋದವು. 1956ರಲ್ಲಿ ವಿಧಾನಸೌಧ ಸಿದ್ಧವಾದ ಮೇಲೆ ಸಚಿವಾಲಯ ರಸ್ತೆ ದಾಟಿತು. ಒಂದು ಕಟ್ಟಡದಲ್ಲಿ ಬಳಕೆ ಮುಗಿದ ವರ್ಷವೇ ಇನ್ನೊಂದರಲ್ಲಿ ಶುರುವಾದ ವರ್ಷ. ಅರಮನೆಯನ್ನೊಂದನ್ನೇ ನೋಡುವವರಿಗೆ ಅಲ್ಲಿ ಗುಮಾಸ್ತರು ಕೂತಿದ್ದ 37 ವರ್ಷ ಕಾಣುವುದೇ ಇಲ್ಲ.

ಹುಡುಕಬೇಕಾದ ಜಾಗ: ರಾಜ್ಯ ಪತ್ರಾಗಾರ, ಜಿಲ್ಲಾ ಗೆಜೆಟಿಯರ್, ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳು, ಲೋಕೋಪಯೋಗಿ ಇಲಾಖೆಯ ರಿಪೇರಿ ಕಡತಗಳು. ರಿಪೇರಿ ಕಡತವನ್ನು ಕಡೆಗಣಿಸಬೇಡಿ. "ರೆಕಾರ್ಡ್ ರೂಮಿಗೆ ಹೊಸ ಕಪಾಟು" ಎಂಬ ಒಂದು ಸಾಲು ಸಿಕ್ಕರೆ ಆ ವರ್ಷ ಆ ಕೋಣೆಯಲ್ಲಿ ಏನಿತ್ತೆಂದು ತಿಳಿಯುತ್ತದೆ.

ಸಿಕ್ಕಿದ್ದನ್ನೆಲ್ಲ ನಾಲ್ಕು ಕಾಲಂ ಹಾಕಿ ಬರೆಯಿರಿ: ವರ್ಷ, ಕೋಣೆ, ಬಳಕೆ, ಪುರಾವೆ. ಕೋಣೆಯ ಕಾಲಂ ಬಿಡಬಾರದು. ಮುಂಭಾಗದಲ್ಲಿ ಕೋರ್ಟು, ಹಿಂಭಾಗದಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿ ಒಂದೇ ಕಾಲಕ್ಕೆ ಇರಬಹುದು. ಶಂಕುಸ್ಥಾಪನೆ ಕಲ್ಲಿನ ತಾರೀಖನ್ನು ಬಳಕೆಯ ಕಾಲಂಗೆ ಹಾಕಬೇಡಿ, ಕಲ್ಲು ಇಟ್ಟ ದಿನ ಯಾರೂ ಒಳಗೆ ಕೂತಿರಲಿಲ್ಲ. ಇಟ್ಟಿಗೆ ನೋಡಿ ಕಾಲ ಹೇಳುವುದೂ ಅಪಾಯ: ಬೀಳಿಸಿದ ಕಟ್ಟಡದ ಇಟ್ಟಿಗೆಯನ್ನು ಮತ್ತೆ ಬಳಸುವುದು ಹಳೇ ರೂಢಿ. ಪುರಾವೆ ಇಲ್ಲದ ವರ್ಷಗಳ ಸಾಲನ್ನು ಖಾಲಿ ಬಿಡಿ. ಮುಂದೆ ಯಾರಿಗಾದರೂ ಕಡತ ಸಿಕ್ಕಾಗ ಅವರು ತುಂಬಲಿ.