ಅರಗಿನ ಹುಳುವಿನ ಜಾತಿ ಗುರುತಿಸುವುದು, ವರ್ಣಿಸುವುದು ಹೇಗೆ?

ಶಿರಸಿಯಿಂದ ಮುಂಡಗೋಡದ ಕಡೆಗೆ ಹೋದಂತೆ ದಟ್ಟ ಕಾಡು ತೆಳುವಾಗಿ ಮುತ್ತುಗ, ಸಾಗಡೆ, ಬೋರೆ ಮರಗಳು ಸಿಗತೊಡಗುತ್ತವೆ. ಅರಗಿನ ಹುಳುವನ್ನು ಹುಡುಕುವವರು ಮೊದಲು ನೋಡಬೇಕಾದದ್ದು ಇವುಗಳ ಎಳೆಯ ರೆಂಬೆಗಳನ್ನು; ಘಟ್ಟದ ಕೆಳಗೆ ಕಾರವಾರ, ಅಂಕೋಲೆಯ ಕಡೆ ಇರುವವರು ಅರಳಿ ಮತ್ತು ಮಳೆಮರಗಳನ್ನೂ ಪರೀಕ್ಷಿಸಬಹುದು. ರೆಂಬೆಗೆ ಅಂಟಿದ ಕೆಂಗಂದು ಬಣ್ಣದ ಗಟ್ಟಿ ಪದರ, ಅದರಿಂದ ಹೊರಟ ಬಿಳಿ ಮೇಣದ ಎಳೆಗಳು, ಕೆಳಗಿನ ಎಲೆಗಳ ಮೇಲೆ ಕಪ್ಪು ಬೂಷ್ಟು, ಜೊತೆಗೆ ಇರುವೆಗಳ ಸಾಲು ಒಟ್ಟಿಗೆ ಕಂಡರೆ ಅದು ಅರಗೇ ಆಗಿರುವ ಸಂಭವ ಹೆಚ್ಚು. ಬಿಳಿ ಹಿಟ್ಟು ಮೆತ್ತಿದಂತಿರುವ ಹಿಟ್ಟುತಿಗಣೆಯ ಸುತ್ತಲೂ ಇರುವೆ ಸೇರುತ್ತದೆ, ಆದರೆ ಅದನ್ನು ಬೆರಳಿನಿಂದ ಒರೆಸಿ ತೆಗೆಯಬಹುದು; ಅರಗಿಗೆ ಚಾಕು ಬೇಕು.

ವರ್ಗೀಕರಣದ ಮೇಲಿನ ಹಂತಗಳಲ್ಲಿ ತೊಡಕಿಲ್ಲ. ಗಣ ಹೆಮಿಪ್ಟೆರಾ, ಮೇಲ್ಕುಟುಂಬ ಕಾಕ್ಸಾಯ್ಡಿಯಾ, ಕುಟುಂಬ ಕೆರ್ರಿಡೀ. ಹಳೆಯ ಗ್ರಂಥಗಳಲ್ಲಿ ಈ ಕುಟುಂಬ ಟಕಾರ್ಡಿಡೀ ಎಂದಿರುತ್ತದೆ. ನಮ್ಮಲ್ಲಿ ಹೆಚ್ಚು ಪರಿಚಿತವಾದ ಜಾತಿ ಕೆರ್ರಿಯಾ ಲ್ಯಾಕಾ. ಇದನ್ನು ಮೊದಲು ವರ್ಣಿಸಿದ ಜೇಮ್ಸ್ ಕೆರ್ ಕಾಕಸ್ ಎಂಬ ಕುಲದಲ್ಲಿ ಇರಿಸಿದ್ದು, ಈಗ ಕುಲ ಬದಲಾಗಿರುವುದರಿಂದ, ಜಾತಿಯ ಹೆಸರಿನ ನಂತರ ಅವರ ಹೆಸರನ್ನೂ 1782 ಎಂಬ ವರ್ಷವನ್ನೂ ಆವರಣದೊಳಗೆ ಬರೆಯುವುದು ಕ್ರಮ.

ನಿಜವಾದ ಕೆಲಸವಿರುವುದು ಜಾತಿಯ ಹಂತದಲ್ಲಿ. ಮರವನ್ನು ನೋಡಿ ಹೆಸರಿಡುವುದು ಸಲ್ಲದು, ಏಕೆಂದರೆ ಸಾಗಡೆಯ ಮೇಲಿನ ಕುಸುಮಿಯೂ ಮುತ್ತುಗದ ಮೇಲಿನ ರಂಗೀನಿಯೂ ಒಂದೇ ಜಾತಿಯ ಎರಡು ತಳಿಗಳು. ಆದರೂ ಮರದ ಹೆಸರು, ಸ್ಥಳ ಮತ್ತು ದಿನಾಂಕವನ್ನು ರೆಂಬೆ ಕತ್ತರಿಸಿದ ಕೂಡಲೇ ಬರೆದಿಡಬೇಕು. ಇವಿಲ್ಲದ ಮಾದರಿ ಎಷ್ಟೇ ಚೆನ್ನಾಗಿದ್ದರೂ ಉಪಯೋಗಕ್ಕೆ ಬಾರದು. ಮರಿಗಳು ತುಂಬಿದ ಮುದಿ ಹೆಣ್ಣಿಗಿಂತ ಆಗಷ್ಟೇ ಬಲಿತ ಹೆಣ್ಣು ಮೈಕ್ರೋಸ್ಕೋಪಿನ ಗಾಜಿನ ಸ್ಲೈಡಿಗೆ ಒಳ್ಳೆಯದು. ಗಂಡಿನ ಗೂಡು ಉದ್ದವಾಗಿಯೂ ಹೆಣ್ಣಿನದು ದುಂಡಗೂ ಇರುವುದರಿಂದ ಆಯ್ಕೆ ಕಷ್ಟವಲ್ಲ.

ಅರಗು ನೀರಿನಲ್ಲಿ ಕರಗದು, ಆಲ್ಕೋಹಾಲಿನಲ್ಲಿ ಕರಗುತ್ತದೆ. ಆದ್ದರಿಂದ ತುಣುಕನ್ನು ಅದರಲ್ಲಿ ನೆನೆಯಿಟ್ಟು, ಹುಳುವನ್ನು ಬಿಡಿಸಿ, ಮೈಗೆ ಸಣ್ಣ ರಂಧ್ರ ಮಾಡಿ, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೆಚ್ಚಗೆ ಕಾಯಿಸಿದರೆ ಒಳಗಿನ ಮೆದು ಭಾಗ ಸಡಿಲಗೊಂಡು ಹೊರಬರುತ್ತದೆ. ಈ ದ್ರಾವಣ ಚರ್ಮವನ್ನು ಸುಡುತ್ತದೆ, ಹಾಗಾಗಿ ಇದನ್ನು ಅಡುಗೆಮನೆಯಲ್ಲಿ ಮಾಡದೆ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಬೇಕು. ಉಳಿದ ತೊಗಲನ್ನು ತೊಳೆದು, ಆ್ಯಸಿಡ್ ಫ್ಯೂಕ್ಸಿನ್ ಎಂಬ ವರ್ಣದ್ರವ್ಯದಿಂದ ಬಣ್ಣಗೊಳಿಸಿ, ಆಲ್ಕೋಹಾಲಿನಿಂದ ನೀರಿನಂಶ ತೆಗೆದು, ಲವಂಗದ ಎಣ್ಣೆಯಲ್ಲಿ ಅದ್ದಿ, ಕೆನಡಾ ಬಾಲ್ಸಂ ಎಂಬ ಪಾರದರ್ಶಕ ಅಂಟಿನಲ್ಲಿ ಕೂರಿಸುವುದು ರೂಢಿ.

ಮೈಕ್ರೋಸ್ಕೋಪಿನಡಿ ಕಾಲೂ ರೆಕ್ಕೆಯೂ ಇಲ್ಲದ, ಮೀಸೆಗಳು ಕುಗ್ಗಿಹೋದ ಒಂದು ಚೀಲ ಕಾಣುತ್ತದೆ. ಅದರ ಮೈಯಿಂದ ತೋಳಿನಂತೆ ಚಾಚಿದ ಎರಡು ಭಾಗಗಳ ತುದಿಯ ಫಲಕಗಳು, ಅವುಗಳ ಸಮೀಪದ ಉಸಿರುರಂಧ್ರಗಳು, ಬೆನ್ನಿನ ಮುಳ್ಳು, ಗುದದ ದಿಬ್ಬ ಮತ್ತು ಅಂಚಿನ ಗ್ರಂಥಿನಾಳಗಳ ಗುಂಪುಗಳು ಜಾತಿಯನ್ನು ನಿರ್ಧರಿಸುತ್ತವೆ. ಪ್ರತಿಯೊಂದರ ಆಕಾರ, ಅಳತೆ ಮತ್ತು ಪರಸ್ಪರ ಅಂತರವನ್ನು ಹಲವು ಹೆಣ್ಣುಗಳಲ್ಲಿ ದಾಖಲಿಸಿ, ಕನಿಷ್ಠ ಹಾಗೂ ಗರಿಷ್ಠ ಮಿತಿಗಳೊಂದಿಗೆ ಬರೆಯಬೇಕು.

ಜಾತಿ ಗುರುತಿಸುವಲ್ಲಿ ತಪ್ಪಾಗುವುದಕ್ಕೆ ಒಂದು ಉದಾಹರಣೆ: ಅಮೆರಿಕದ ಫ್ಲಾರಿಡಾದಲ್ಲಿ ಗಿಡಗಳನ್ನು ಕಾಡಿದ ಒಂದು ಅರಗಿನ ಹುಳುವನ್ನು ಮೊದಲು ಪ್ಯಾರಾಟಕಾರ್ಡಿನಾ ಲೊಬಾಟಾ ಎಂಬ ಹಳೆಯ ಜಾತಿಯೆಂದೇ ಗುರುತಿಸಲಾಗಿತ್ತು. ಕೀಟಶಾಸ್ತ್ರಜ್ಞರಾದ ಕೊಂಡೊ ಮತ್ತು ಗುಲ್ಲನ್ 2007ರಲ್ಲಿ ಅದನ್ನು ಪ್ಯಾರಾಟಕಾರ್ಡಿನಾ ಸ್ಯೂಡೊಲೊಬಾಟಾ ಎಂಬ ಬೇರೆಯೇ ಜಾತಿಯಾಗಿ ವರ್ಣಿಸಿದರು. ಹೊಸ ಜಾತಿ ಸಿಕ್ಕಿತೆಂದು ಹೇಳುವ ಮುನ್ನ ಹಳೆಯ ಜಾತಿಗಳ ವರ್ಣನೆಗೆ ಆಧಾರವಾದ ಮಾದರಿ ಸ್ಲೈಡುಗಳೊಂದಿಗೆ ಹೋಲಿಸಿ ನೋಡಲೇಬೇಕು, ಮತ್ತು ಹೊಸ ವರ್ಣನೆಗೆ ಆಧಾರವಾದ ಸ್ಲೈಡನ್ನು ಇತರರೂ ಪರಿಶೀಲಿಸಬಹುದಾದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು.