ಮಿಯಾಟಾಗೆ ದೊಡ್ಡ ಕ್ಲಚ್, ಹಗುರ ಫ್ಲೈವೀಲ್

1990ರಿಂದ 1993ರ ಮಾದರಿಯ 1.6 ಲೀಟರ್ ಮಾಜ್ದಾ ಮಿಯಾಟಾ ಕಾರಿನಲ್ಲಿ 200 ಮಿ.ಮೀ. ಕ್ಲಚ್ ಇರುತ್ತದೆ, 1.8 ಲೀಟರ್ ಎಂಜಿನ್ನಿನ 215 ಮಿ.ಮೀ. ಕ್ಲಚ್ ಹಾಕುವುದಾದರೆ ಅದೇ ಅಳತೆಯ ಫ್ಲೈವೀಲನ್ನೂ (ಕ್ಲಚ್ ಕೂರುವ, ಎಂಜಿನ್ನಿನೊಡನೆ ತಿರುಗುವ ಭಾರದ ಚಕ್ರ) ಕೊಳ್ಳಬೇಕು. ಹಗುರ ಫ್ಲೈವೀಲಿನಿಂದ ಎಂಜಿನ್ ಚುರುಕಾಗುತ್ತದೆ, ಆದರೆ ಟ್ರಾಫಿಕ್ಕಿನಲ್ಲಿ ಹೊರಡುವಾಗ ಆಫ್ ಆಗುವ ಸಂಭವ ಹೆಚ್ಚುವುದರಿಂದ, ದಿನನಿತ್ಯದ ಓಡಾಟಕ್ಕೆ ತೀರ ಹಗುರವಾದದ್ದು ಬೇಡವೆಂಬುದು ನನ್ನ ಅಭಿಪ್ರಾಯ.

ಗೇರ್‌ಬಾಕ್ಸ್ ಇಳಿಸಿದ ಮೇಲೆ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಆಯಿಲ್ ಸೀಲ್ ಜಿನುಗುತ್ತಿದೆಯೇ ಎಂದು ನೋಡಿ, ಅನುಮಾನವಿದ್ದರೆ ಆಗಲೇ ಬದಲಿಸಿರಿ, ಏಕೆಂದರೆ ಎಣ್ಣೆ ತಾಗಿದ ಹೊಸ ಕ್ಲಚ್ ಡಿಸ್ಕ್ ಜಾರತೊಡಗುತ್ತದೆ. ಫ್ಲೈವೀಲಿನ ಮುಖವನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ, ಅದರ ಬೋಲ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ, ಟಾರ್ಕ್ ರೆಂಚಿನಿಂದ 96ರಿಂದ 103 ನ್ಯೂಟನ್ ಮೀಟರಿನಷ್ಟು ಬಿಗಿಯಬೇಕು. ಡಿಸ್ಕನ್ನು ಅಲೈನ್‌ಮೆಂಟ್ ಟೂಲಿನಿಂದ ನಟ್ಟನಡುವೆ ನಿಲ್ಲಿಸದೆ, ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಬಿಗಿದರೆ, ಮತ್ತೆ ಏರಿಸುವಾಗ ಗೇರ್‌ಬಾಕ್ಸಿನ ಶಾಫ್ಟ್ ಒಳಗೆ ಕೂರದೆ ಸತಾಯಿಸುತ್ತದೆ. ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಕ್ಲಚ್ಚನ್ನು ಮೃದುವಾಗಿ ಬಳಸಿರಿ.